ದೊಡ್ಡಪ್ಪನ ಹಲ್ಲು ಒಣಗಿದ್ದು

ನಮ್ಮ ಮನೆಯಲ್ಲಿ ಈಗ ಚಾಲ್ತಿಯಲ್ಲಿರುವ ಕಥೆ ಇದು: ದೊಡ್ಡಪ್ಪನ ಹಲ್ಲುನೋವು ತಾನಾಗಿಯೇ ವಾಸಿಯಾಗಿತ್ತು, ತಿಪಟೂರಿನ ಹಲ್ಲಿನ ಡಾಕ್ಟರು ಕೈ ಹಾಕಿ ಕೆಡಿಸಿದರು. ಕೇಳಲು ಚೆನ್ನಾಗಿದೆ. ನಾನು ಜೊತೆಯಲ್ಲಿರದಿದ್ದರೆ ನಂಬಿಯೂ ಬಿಡುತ್ತಿದ್ದೆ.

ದೊಡ್ಡಪ್ಪ ಕೊಬ್ಬರಿ ವ್ಯಾಪಾರಿ. ಅಟ್ಟದಲ್ಲಿ ತಿಂಗಳುಗಟ್ಟಲೆ ಒಣಗಲು ಬಿಟ್ಟ ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಾರೆ. ನೀರು ತುಳುಕಿದರೆ ಇನ್ನೂ ಹಸಿ, ಮುಟ್ಟಬಾರದು. ಒಳಗಿನ ಕೊಬ್ಬರಿ ಚಿಪ್ಪು ಬಿಟ್ಟು ಗಡಗಡ ಉರುಳಿದರೆ ಒಡೆಯಬಹುದು. ಕಾಯಿಯ ವಿಷಯದಲ್ಲಿ ಅವರ ಮಾತಿಗೆ ನನ್ನ ತಕರಾರಿಲ್ಲ. ಆದರೆ ಅವರು ಇದೇ ಶಾಸ್ತ್ರವನ್ನು ಕೆಳದವಡೆಯ ಎಡಗಡೆಯ ಹಲ್ಲಿಗೂ ವಿಸ್ತರಿಸಿದರು.

ಹಲ್ಲು ಮಿಡಿಯುತ್ತಿತ್ತು, ಬಿಸಿ ಕಾಫಿ ತಾಗಿದರೆ ಚೀರುತ್ತಿದ್ದರು, ರಾತ್ರಿ ನಿದ್ದೆಯಿಲ್ಲ. ಡಾಕ್ಟರ ಹತ್ತಿರ ಹೋಗೋಣ ಎಂದರೆ ಲವಂಗ ಕಚ್ಚಿಕೊಂಡೇ ಉತ್ತರ: "ಸುಮ್ನಿರವ್ವ, ಇನ್ನೂ ಹಸಿ ಐತೆ. ಈಗ ಕೈ ಹಾಕಿದ್ರೆ ಕೆಟ್ಟೋಯ್ತದೆ."

ಒಂದು ಬೆಳಿಗ್ಗೆ ನೋವು ನಿಂತೇಬಿಟ್ಟಿತು. "ನೋಡ್ದಾ? ಒಣಗೋಯ್ತು ಕಣವ್ವ!"

"ಒಣಗಿದ್ದು ಹಲ್ಲೋ, ಬುದ್ಧಿಯೋ?" ಎಂದರು ದೊಡ್ಡಮ್ಮ, ರೊಟ್ಟಿ ತಟ್ಟುತ್ತಾ.

ನಿಂತದ್ದು ನೋವು ಮಾತ್ರ. ಹಲ್ಲಿನೊಳಗಿನ ನರ ಸತ್ತಿತ್ತು, ಅದು ದೂರು ಹೇಳುವುದನ್ನು ಬಿಟ್ಟಿತ್ತು. ಕೀವು ಮಾತ್ರ ರಜೆ ಹಾಕಿರಲಿಲ್ಲ. ಕೆಲವೇ ದಿನಗಳಲ್ಲಿ ಜ್ವರ ಬಂತು, ದವಡೆಯ ಕೆಳಗೆ ಊದಿ ಕತ್ತೇ ಕಾಣದಾಯಿತು. ಬಾಯಿ ಒಂದು ಬೆರಳಿನಷ್ಟೂ ತೆರೆಯದು, ಉಗುಳು ನುಂಗಲಾಗದು. ಆಗಲೂ ಮನೆಮಂದಿಯೆಲ್ಲ ಉಪ್ಪಿನ ಶಾಖವೋ ಅರಿಶಿನದ ಪಟ್ಟೋ ಎಂದು ಚರ್ಚಿಸುತ್ತಿದ್ದರು. ಜೀವನದಲ್ಲಿ ಮೊದಲ ಸಲ ನಾನು ಚರ್ಚೆಯನ್ನು ಅರ್ಧಕ್ಕೆ ಬಿಟ್ಟು ಕಾರು ತರಿಸಿದೆ.

ಹಲ್ಲು ಕೆಡಿಸಿದರೆಂದು ಮನೆಯವರು ದೂರುವ ಆ ತಿಪಟೂರಿನ ಡಾಕ್ಟರು ಅಂದು ಹಲ್ಲನ್ನು ಮುಟ್ಟಲೇ ಇಲ್ಲ. ಟಾರ್ಚ್ ಹಾಕಿ ನೋಡಿದವರೇ, "ಇದು ನನ್ನ ಕುರ್ಚಿಯಲ್ಲಿ ಆಗೋ ಕೆಲಸ ಅಲ್ಲ. ಉಸಿರಿಗೇ ತೊಂದ್ರೆ ಆಗಬಹುದು, ಈಗಲೇ ತುಮಕೂರಿಗೆ ಹೊರಡಿ. ನೋವಿದ್ದಾಗ್ಲೇ ಯಾಕ್ರೀ ಬರ್ಲಿಲ್ಲ?" ಎಂದರು. ತುಮಕೂರಿನ ಆಸ್ಪತ್ರೆಯಲ್ಲಿ ಕತ್ತಿನ ಹತ್ತಿರ ಕೊಯ್ದು ಕೀವು ತೆಗೆದರು, ಹಲ್ಲನ್ನೂ ಕಿತ್ತರು.

ಈಗ ಬಲಗಡೆಯ ಹಲ್ಲಿನ ನೋವು ಶುರುವಾಗಿದೆ. ನಿನ್ನೆ ಜಗಲಿಯಲ್ಲಿ ಕೂತು, ಕೆನ್ನೆ ಒತ್ತಿಕೊಂಡು, "ಎಲ್ಡು ದಿನ ನೋಡಾನ ಬುಡು, ತಾನೇ ನಿಲ್ತದೆ" ಎಂದರು.

ನಾನು ಪಕ್ಕದಲ್ಲಿ ಕೂತು ಕೇಳಿದೆ: "ದೊಡ್ಡಪ್ಪ, ಅವತ್ತು ಕಾರಲ್ಲಿ ಉಸ್ರು ಸಾಲ್ತಿಲ್ಲ ಅಂತ ನನ್ನ ಕೈ ಹಿಸುಕಿ ಹಿಡ್ಕೊಂಡ್ರಲ್ಲ, ಈ ಹಲ್ಲಿಗೂ ಅಲ್ಲೀವರ್ಗೂ ಕಾಯ್ತೀರಾ?"