ಕದಲದ ಚಿಗರಿ

ಮಳೆಗಾಲ ಮುಗಿದ ಮೇಲೆ ಚಿಗರಿಗಳು, ಅಂದರೆ ಕೃಷ್ಣಮೃಗಗಳು, ಯಾವ ಕಡೆ ಹೋಗುತ್ತವೆಂದು ತಿಳಿಯಲು ನಾವು ಸಂಶೋಧಕರು ಕೆಲವಕ್ಕೆ ಜಿಪಿಎಸ್ ಕೊರಳಪಟ್ಟಿ ತೊಡಿಸಿದ್ದೆವು. ಅವುಗಳಲ್ಲೊಂದು ಹೆಣ್ಣು ಚಿಗರಿ ಹಿಂದಿನ ದಿನದಿಂದ ರಟ್ಟೀಹಳ್ಳಿ ಹತ್ತಿರದ ಒಂದು ಹೊಲ ಬಿಟ್ಟು ಕದಲಿರಲಿಲ್ಲ. ಸತ್ತೇ ಹೋಗಿರಬೇಕೆಂದು ಗಾಬರಿಯಿಂದ ಓಡಿದೆ.

ಹೊಲದಲ್ಲಿ ಸೋಯಾಬೀನ್ ಕಟಾವಿನ ಮಷೀನು ನಿಂತಿತ್ತು. ಹೊಲದೊಡತಿ ಸೆರಗು ಸೊಂಟಕ್ಕೆ ಸಿಕ್ಕಿಸಿ ಅದಕ್ಕೆ ಅಡ್ಡ ನಿಂತಿದ್ದರು. ನನ್ನನ್ನು ನೋಡಿದವರೇ ಕೇಳಿದರು:

“ಚಿಗರಿ ಕೊರಳಿಗೆ ಪಟ್ಟಿ ಕಟ್ಟಿದವ್ರು ನೀವೇನ್ರಿ?”

“ಹೌದ್ರಿ ಅಕ್ಕಾರ. ಅದು ಸತ್ತೈತೇನ್ರಿ?”

“ಬಿಡ್ತು ಅನ್ರಿ! ಹಡದೈತಿ. ಮೆಲ್ಲಕ ಮಾತಾಡ್ರಿ.”

ದೂರದ ಮೂಲೆಯಲ್ಲಿ ತಾಯಿ ಕಿವಿ ನಿಮಿರಿಸಿ ನಿಂತಿತ್ತು. ಅದರ ಕಾಲಬುಡದಲ್ಲಿ, ಬೆಳೆಯ ಸಂದಿಯಲ್ಲಿ, ಪುಟ್ಟ ಮರಿ ಮುದುಡಿ ಮಲಗಿತ್ತು.

“ಮರಿ ಓಡಾಕ ಕಲಿಯೂಮಟ ಆ ಮೂಲಿ ಕೊಯ್ಯಂಗಿಲ್ಲ,” ಎಂದರು ಅಕ್ಕ.

“ಕಾಯಿ ಸಿಡದು ಕಾಳೆಲ್ಲಾ ಮಣ್ಣಪಾಲಾಗ್ತಾವ್ರಿ,” ಎಂದ ಡ್ರೈವರ್.

“ಆಗ್ಲಿ. ನೀ ಮಷೀನ್ ತಿರುಗಿಸು.”

ಅವನು ಗೊಣಗುತ್ತಲೇ ತಿರುಗಿಸಿದ. ಬೆಳೆದ ಬೆಳೆಯನ್ನು ಇಷ್ಟು ಸಲೀಸಾಗಿ ಬಿಟ್ಟುಕೊಟ್ಟವರನ್ನು ನಾನು ಕಂಡಿರಲಿಲ್ಲ.

“ಮರಿಗೂ ಪಟ್ಟಿ ಕಟ್ಟಾವ್ರೇನು?” ಎಂದರು ಅಕ್ಕ, ನನ್ನನ್ನು ದಿಟ್ಟಿಸಿ.

“ಇಲ್ರಿ, ಇಲ್ರಿ.”

“ಹಂಗಾರ ಬರ್ರಿ, ಚಾ ಕುಡಿಯೂಣು.”

ಹೌದು ಅಂದಿದ್ದರೆ ಚಹಾ ಇರಲಿ, ಆ ಮಷೀನನ್ನೇ ನನ್ನ ಕಡೆ ತಿರುಗಿಸುತ್ತಿದ್ದರೇನೋ.