ಹಿತ್ತಲ ಸೋಬಾನೆ

ಬಡವನಹಳ್ಳಿಯ ಹನುಮಕ್ಕನ ಗಂಡ ಸತ್ತಾಗ ಅವಳಿಗಿನ್ನೂ ಇಪ್ಪತ್ತೆರಡು. ಬಳೆ ಹೋಯಿತು, ಕುಂಕುಮ ಹೋಯಿತು, ಅದನ್ನು ಹೇಗೋ ತಡೆದುಕೊಂಡಳು. ಇನ್ನು ಮದುವೆ ಚಪ್ಪರದಲ್ಲಿ ಸೋಬಾನೆ ಹೇಳಬಾರದು ಅಂದಾಗ ಮಾತ್ರ ಮೂರು ದಿನ ಮುದ್ದೆ ಮುಟ್ಟಲಿಲ್ಲ. ಸುತ್ತ ಹತ್ತು ಹಳ್ಳಿಯಲ್ಲಿ ಅವಳ ಪದವಿಲ್ಲದೆ ಯಾವ ಮದುಮಗಳೂ ಹಸೆಗೆ ಏರಿದ್ದಿಲ್ಲ. ಶಾಸ್ತ್ರವಂತೆ ಶಾಸ್ತ್ರ! ಅಂಥ ಗಂಟಲನ್ನು ಹಿತ್ತಲಿಗೆ ತಳ್ಳಿದರು.

ಪಟೇಲರ ಹಿತ್ತಲಲ್ಲಿ ರಾಗಿ ಬೀಸುವ ಕೂಲಿ ಸಿಕ್ಕಿತು. ಬೀಸುಕಲ್ಲಿಗೆ ಯಾವ ಶಾಸ್ತ್ರವೂ ಗೊತ್ತಿರಲಿಲ್ಲ. ಅದರ ಮುಂದೆ ಒಂಬತ್ತು ವರ್ಷ ಹಾಡಿದಳು.

ಶಿರಾದ ಕರೀಮ್ ಸಾಬರು ಮದುವೆಗಳಿಗೆ ಗ್ರಾಮಫೋನು ಬಾಡಿಗೆಗೆ ಕೊಡುತ್ತಿದ್ದವರು. ಪಟೇಲರಿಗೆ ಪೆಟ್ಟಿಗೆ ತೋರಿಸಲು ಬಂದವರು ಹಿತ್ತಲ ದನಿ ಕೇಳಿ, ತಾವು ಹಚ್ಚಿದ್ದ ಹಾಡಿನ ಪ್ಲೇಟನ್ನೇ ನಿಲ್ಲಿಸಿದರು. ಮುಂದಿನ ತಿಂಗಳು ಹನುಮಕ್ಕನನ್ನೂ ಅವಳ ತಾಯಿಯನ್ನೂ ಬೆಂಗಳೂರಿಗೆ ಕರೆದೊಯ್ದರು. ಪ್ಲೇಟಿಗೆ ಹಾಡು ಹಿಡಿಯುವ ಕೋಣೆಯಲ್ಲಿ ಮೊದಲು ದನಿಯೇ ಏಳಲಿಲ್ಲ. ಆಮೇಲೆ ಬಲಗೈ ಬರಿಗಾಳಿಯಲ್ಲೇ ಬೀಸುಕಲ್ಲು ತಿರುಗಿಸತೊಡಗಿತು, ಪದ ತಾನಾಗಿ ಬಂತು.

ವರ್ಷ ಕಳೆಯುವುದರೊಳಗೆ ಪಾವಗಡದಿಂದ ಕೊರಟಗೆರೆಯವರೆಗೆ ಹನುಮಕ್ಕನ ಪ್ಲೇಟಿಲ್ಲದ ಮದುವೆ ಮದುವೆಯೇ ಅಲ್ಲ ಅನ್ನುವಂತಾಯಿತು. ಅವಳು ಕಾಲಿಡಬಾರದ ಚಪ್ಪರಗಳಲ್ಲಿ ಅವಳ ದನಿ ಮಣೆ ಏರಿ ಕೂತಿತು. ಮೋಟಾರು ಇಳಿದು ಅವಳನ್ನು ನೋಡಬೇಕು ಅಂದವರಿಗೆ ಊರವರು ಪಟೇಲರ ಹಿತ್ತಲನ್ನೇ ತೋರಿಸುತ್ತಿದ್ದರು.

ಆ ಬೇಸಿಗೆಯಲ್ಲಿ ಪಟೇಲರ ಮಗಳ ಮದುವೆ. ಪಟೇಲರ ಹೆಂಡತಿ ಕರಿಬಸಮ್ಮ ಹಸೆಯ ಪಕ್ಕ ಮಣೆ ಹಾಕಿಸಿ, ಅದರ ಮೇಲೆ ಕರೀಮ್ ಸಾಬರು ತಂದ ಪೆಟ್ಟಿಗೆ ಇರಿಸಿ, ಪೆಟ್ಟಿಗೆಗೆ ಅರಿಶಿನ ಕುಂಕುಮ ಹಚ್ಚಿ ಹೂ ಮುಡಿಸಿದರು. ಹನುಮಕ್ಕ ಹಿತ್ತಲಲ್ಲಿ ಬೀಸುತ್ತಿದ್ದಳು. ಆದರೆ ಚಪ್ಪರದ ಸಂದಿಯಿಂದ ಬಿದ್ದ ಬಿಸಿಲಿಗೆ ಅರಗಿನ ಪ್ಲೇಟು ಹಪ್ಪಳದಂತೆ ಬಾಗಿತ್ತು. ಮುಳ್ಳು ಇಟ್ಟೊಡನೆ ಸೋಬಾನೆ ಮೇಕೆ ಅರಚಿದಂತೆ ಕೇಳಿತು. ಬೀಗರು ಬಿದ್ದು ಬಿದ್ದು ನಕ್ಕರು.

ಬೇರೆ ಪ್ಲೇಟಿರಲಿಲ್ಲ. ಕರಿಬಸಮ್ಮ ಹಿತ್ತಲಿಗೆ ಓಡಿಬಂದರು.

“ಲೇ ಹನುಮಿ, ಇಲ್ಲಿಂದ್ಲೇ ಒಸಿ ಗಟ್ಟಿಯಾಗಿ ಹೇಳ್ಬುಡೇ. ಚಪ್ಪರಕ್ಕೆ ಕೇಳ್ಸುತ್ತೆ.”

ಹನುಮಕ್ಕ ಕಲ್ಲಿನ ಗೂಟ ಬಿಡಲಿಲ್ಲ. “ಪೆಟ್ಟಿಗೆ ಮಡಗಿದ್ದೀರಲ್ಲ ಆ ಮಣೆ, ಅದ್ರ ಮ್ಯಾಲೆ ಕುಂತ್ಕಂಡು ಹೇಳ್ತೀನಿ ಕಣ್ರವ್ವ. ಇಲ್ಲಿ ಹೇಳೋದು ರಾಗಿಗೆ.”

“ಜನ ಏನಂದಾರು?”

“ಇಷ್ಟ್ ದಿನ ನನ್ ದನಿ ಕೇಳ್ಕಂಡೇ ಅಕ್ಕಿಕಾಳು ಹಾಕ್ಲಿಲ್ವ ಆ ಜನ?”

ಚಪ್ಪರದಿಂದ ಇನ್ನೊಮ್ಮೆ ನಗು ಕೇಳಿಸಿತು. ಕರಿಬಸಮ್ಮ ಚಪ್ಪರಕ್ಕೆ ತಿರುಗಿ ಹೋದರು. ಎತ್ತಲು ಬಂದ ಕರೀಮ್ ಸಾಬರನ್ನು ತಡೆದು, ಆ ಭಾರದ ಪೆಟ್ಟಿಗೆಯನ್ನು ತಾವೇ ಮಣೆಯಿಂದ ಕೆಳಗಿಳಿಸಿದರು. ಆಮೇಲೆ ಹಿತ್ತಲ ಬಾಗಿಲಲ್ಲಿ ನಿಂತು, ಎಲ್ಲರಿಗೂ ಕೇಳುವಂತೆ ಕರೆದರು.

“ಬಾ ಹನುಮಕ್ಕ.”

ಅವಳು ಸೆರಗಿಗೆ ಕೈಯ ಹಿಟ್ಟು ಒರೆಸಿಕೊಂಡು ಎದ್ದಳು. ಮಣೆಯ ಮೇಲೆ ಕೂತಾಗ ಬಲಗೈ ಮೆಲ್ಲಗೆ ತಿರುಗತೊಡಗಿತ್ತು.