ಸುಡುತ್ತದೆ ಎನ್ನಲಾರದ ಕೈ

ಕಳೆದ ವರ್ಷ, ಸಂಕ್ರಾಂತಿ ಮುಗಿದ ವಾರ. ಸರ್ಕಾರಿ ಕೆಲಸದಿಂದ ನಿವೃತ್ತಳಾಗಿ ನನಗೆ ಆಗಲೇ ಮೂರು ವರ್ಷವಾಗಿತ್ತು. ನಾನು ಅರಿವಳಿಕೆ ಡಾಕ್ಟರು. ಶಿಕಾರಿಪುರ, ಸೊರಬ ಎರಡೂ ಕಡೆಯ ನರ್ಸಿಂಗ್ ಹೋಮ್‌ಗಳಿಗೆ ಕರೆದಾಗ ಹೋಗಿ ಬರುವವಳು. ಕಾರಿನ ಹಿಂದಿನ ಸೀಟಿನಲ್ಲಿ ಔಷಧಿ ಪೆಟ್ಟಿಗೆ, ಅದರ ಪಕ್ಕದಲ್ಲಿ ಒಂದು ಪುಟ್ಟ ಅಲ್ಟ್ರಾಸೌಂಡ್ ಯಂತ್ರ. ಆಪರೇಷನ್ ಆದ ಮೇಲೆ ಜನ ಸರ್ಜನ್ನರ ಕಾಲಿಗೆ ಬೀಳುತ್ತಾರೆ, ನನ್ನನ್ನು ನೋಡಿ "ಇವ್ರು ಯಾರು, ಸಿಸ್ಟರ್ರಾ?" ಎಂದು ಕೇಳುತ್ತಾರೆ. ಮೂವತ್ತು ವರ್ಷದಿಂದ ಕೇಳಿಸಿಕೊಂಡಿದ್ದೇನೆ, ಈಗಲೂ ಸಿಟ್ಟು ಬರುತ್ತದೆ.

ನಾನು ಕೆಲಸಕ್ಕೆ ಸೇರಿದ ಕಾಲದಲ್ಲಿ ಕೈಮೂಳೆ ಮುರಿದು ಪ್ಲೇಟ್ ಹಾಕಬೇಕೆಂದರೆ ಪೂರ್ತಿ ಪ್ರಜ್ಞೆ ತಪ್ಪಿಸುತ್ತಿದ್ದೆವು. ಆಮೇಲೆ ವಾರ್ಡಿನಲ್ಲಿ ದಿನಗಟ್ಟಲೆ ಮಲಗಿಸಿಕೊಳ್ಳುತ್ತಿದ್ದೆವು. ಈಗ ಅದೆಲ್ಲ ಬದಲಾಗಿದೆ. ಅಲ್ಟ್ರಾಸೌಂಡಿನಲ್ಲಿ ನರವನ್ನು ಕಣ್ಣಾರೆ ನೋಡುತ್ತ, ಅದರ ಸುತ್ತ ಔಷಧಿ ಬಿಟ್ಟರೆ ಆ ಕೈ ಮಾತ್ರ ಮರಗಟ್ಟುತ್ತದೆ. ಇದಕ್ಕೆ ನರ್ವ್ ಬ್ಲಾಕ್ ಎನ್ನುತ್ತೇವೆ. ರೋಗಿ ಎಚ್ಚರವಾಗಿಯೇ ಇರುತ್ತಾರೆ. ಔಷಧಿಯ ಪ್ರಭಾವ ರಾತ್ರಿಯವರೆಗೂ ಎಳೆಯುವುದರಿಂದ ಆಪರೇಷನ್ ನೋವು ತಿಳಿಯುವುದಿಲ್ಲ. ಬೆಳಿಗ್ಗೆ ಬಂದವರು ಸಂಜೆಯೊಳಗೆ ಮನೆ ಸೇರುತ್ತಾರೆ. ಡೇ ಕೇರ್ ಸರ್ಜರಿ ಎಂದರೆ ಇದೇ. ಇದನ್ನು ನಾನು ಬಹಳ ಮೆಚ್ಚಿಕೊಂಡವಳು.

ಗೌರಮ್ಮ ಉಡುತಡಿಯವಳು. ಶಾಲೆಯಲ್ಲಿ ಬಿಸಿಯೂಟದ ಅಡುಗೆ ಮಾಡುವವಳು. ಸಾರು ಚೆಲ್ಲಿದ ನೆಲದ ಮೇಲೆ ಜಾರಿ ಬಿದ್ದು ಬಲಗೈ ಮಣಿಕಟ್ಟಿನ ಮೂಳೆ ಮುರಿದುಕೊಂಡಿದ್ದಳು. ವರ್ಷಾನುಗಟ್ಟಲೆ ಸೌದೆ ಒಲೆಯ ಹೊಗೆ ಕುಡಿದ ಎದೆ, ಉಬ್ಬಸ ಇತ್ತು. ಅವಳ ಚಿಕ್ಕಮ್ಮ ಒಬ್ಬಳು ಎಲ್ಲೋ ಆಪರೇಷನ್ನಿಗೆಂದು ಮಲಗಿದವಳು ಏಳಲಿಲ್ಲವಂತೆ. ಶಿಕಾರಿಪುರದ ಆಸ್ಪತ್ರೆಯಲ್ಲಿ ನನ್ನನ್ನು ನೋಡಿದ ಕೂಡಲೇ ಎಡಗೈಯಲ್ಲಿ ನನ್ನ ಸೆರಗು ಹಿಡಿದುಕೊಂಡಳು.

"ನನ್ನ ಮಲಗಿಸಬ್ಯಾಡ್ರಿ ಮೇಡಂ. ಕೈ ಬೇಕಾದ್ರೆ ಕೊಯ್ರಿ, ಆದ್ರೆ ನನಗೆ ಎಚ್ಚರ ಇರ್ಲಿ."

"ಕೊಯ್ಯೋಕೆ ಇದೇನು ಸೌತೆಕಾಯೇನೇ? ನಿನ್ನ ಕೈ ಒಂದೇ ಮಲಗತ್ತೆ. ನೀನು ಬೇಕಾದ್ರೆ ಸರ್ಜನ್ ಜೊತೆ ಹರಟೆ ಹೊಡಿ" ಎಂದೆ. ನಕ್ಕಳು. ಅವಳ ಗಂಡ ಹಾಲಪ್ಪ ನಗಲಿಲ್ಲ. "ಈ ಕೈ ನೆಟ್ಟಗಾದ್ರೆ ಸಾಕ್ರಿ. ಇಲ್ದಿದ್ರೆ ಸೌಟು ಹಿಡಿಯೋಕೂ ಆಗಲ್ಲ, ಅವಳನ್ನ ಕೆಲಸದಿಂದ ತೆಗೀತಾರೆ" ಎಂದ.

ಕಂಕುಳ ಬಳಿ ಬ್ಲಾಕ್ ಕೊಟ್ಟೆ. ಉಬ್ಬಸದವರಿಗೆ ಆ ಜಾಗವೇ ಒಳ್ಳೆಯದು, ಉಸಿರಾಟದ ನರದಿಂದ ದೂರ. ಗಾಬರಿಯಿಂದ ನಡುಗುತ್ತಿದ್ದಳೆಂದು ಸ್ವಲ್ಪ ಮಿಡಾಜೋಲಂ ಕೂಡ ಕೊಟ್ಟೆ. ಮನಸ್ಸನ್ನು ಶಾಂತ ಮಾಡುವ ಔಷಧಿ ಅದು. ಎಲ್ಲವೂ ಚೆನ್ನಾಗಿ ಆಯಿತು. ಸರ್ಜನ್ ಪ್ಲೇಟ್ ಕೂರಿಸಿ, ಮುಂಗೈಗೆ ಅರ್ಧ ಪ್ಲಾಸ್ಟರ್ ಹಾಕಿ, ಬೆರಳುಗಳನ್ನು ಮಾತ್ರ ಹೊರಗೆ ಬಿಟ್ಟರು. ಮಧ್ಯಾಹ್ನ ಗೌರಮ್ಮ ಕಾಫಿ ಕುಡಿದು, ಕೈಯನ್ನು ಜೋಳಿಗೆಯಲ್ಲಿಟ್ಟುಕೊಂಡು ಎದ್ದು ನಿಂತಳು.

ಮನೆಗೆ ಕಳಿಸುವಾಗ ಹೇಳಬೇಕಾದ್ದನ್ನು ಗಂಡ ಹೆಂಡತಿ ಇಬ್ಬರನ್ನೂ ಕೂರಿಸಿಕೊಂಡು ಹೇಳಿದೆ. ರಾತ್ರಿಯವರೆಗೂ ಕೈ ಮರದ ಕೊರಡಿನ ಹಾಗೆ ಇರುತ್ತದೆ, ಎತ್ತಲು ಬರುವುದಿಲ್ಲ, ಮುಟ್ಟಿದರೆ ತಿಳಿಯುವುದಿಲ್ಲ, ಹೆದರಬೇಡಿ. ಒಲೆಯ ಹತ್ತಿರ ಹೋಗಬೇಡಿ, ಬಿಸಿ ಏನೂ ತಾಗಿಸಬೇಡಿ. "ಅರ್ಥ ಆಯ್ತೇನಪ್ಪ?" ಎಂದು ಹಾಲಪ್ಪನಿಂದಲೇ ತಿರುಗಿ ಹೇಳಿಸಿದೆ. ಪಾಠ ಒಪ್ಪಿಸುವವರ ಹಾಗೆ ಒಪ್ಪಿಸಿದ. ಗೌರಮ್ಮನೂ ತಲೆಯಾಡಿಸಿದಳು. ನಾನು ಸೊರಬದ ಕಡೆ ಕಾರು ತಿರುಗಿಸಿದೆ.

ಸೊರಬದಲ್ಲಿ ಒಬ್ಬ ಹುಡುಗಿಗೆ ಅಪೆಂಡಿಕ್ಸ್ ಆಪರೇಷನ್. ಇದು ಪೂರ್ತಿ ಅರಿವಳಿಕೆಯದು. ಗಂಟಲಿಗೆ ನಳಿಕೆ ಹಾಕಿ, ಉಸಿರನ್ನು ಯಂತ್ರಕ್ಕೆ ಒಪ್ಪಿಸಿ, ತಲೆಯ ಬಳಿ ಕೂತಿದ್ದೆ. ಅಲ್ಲಿಂದ ಕದಲುವ ಹಾಗಿಲ್ಲ. ಆ ಹೊತ್ತಿನಲ್ಲಿ ಆ ಹುಡುಗಿಯ ಉಸಿರು ನನ್ನದೇ ಜವಾಬ್ದಾರಿ. ಹೊತ್ತು ಮುಳುಗುತ್ತಿತ್ತು. ಹೊರಗೆ ಮೇಜಿನ ಮೇಲಿದ್ದ ನನ್ನ ಫೋನು ಒದರತೊಡಗಿತು. ನಿಂತಿತು. ಮತ್ತೆ ಒದರಿತು.

ನರ್ಸ್ ರೂಪಾ ಬಾಗಿಲಲ್ಲಿ ಇಣುಕಿದಳು. "ಮೇಡಂ, ಉಡುತಡಿಯವ್ರಂತೆ ಮಾರಾಯ್ರೆ, ಬಿಡ್ತಾನೇ ಇಲ್ಲ. ಅಳ್ತಿದಾರೆ."

"ಸ್ಪೀಕರಿಗೆ ಹಾಕಿ ಇಲ್ಲಿ ಹಿಡಿ" ಎಂದೆ. ಕಣ್ಣು ಮಾನಿಟರಿನ ಮೇಲೇ ಇತ್ತು.

"ಮೇಡಂ... ಕೈ ಹೋತು ಮೇಡಂ. ಬಲಗೈ ಸತ್ತೋತು. ಎತ್ತಿದ್ರೆ ದೊಪ್ಪಂತ ಬೀಳ್ತತಿ. ಲಕ್ವ ಹೊಡೆದತಿ ಅಂತಾರೆ ಎಲ್ಲಾ" ಎಂದಳು ಗೌರಮ್ಮ.

"ಅದನ್ನ ಹೇಳಿ ಕಳಿಸಿದ್ನಲ್ಲೇ! ರಾತ್ರಿ ತನಕ ಹಾಗೇ ಇರತ್ತೆ ಅಂತ."

"ಯಾವಾಗ ಹೇಳಿದ್ರಿ?"

ಅವಳು ಸುಳ್ಳು ಹೇಳುತ್ತಿರಲಿಲ್ಲ. ಮಿಡಾಜೋಲಮ್ಮಿನ ಗುಣವೇ ಅದು. ಅದನ್ನು ಕೊಟ್ಟ ಮೇಲಿನ ಸ್ವಲ್ಪ ಹೊತ್ತಿನ ಮಾತು ಎಷ್ಟೋ ಜನರಿಗೆ ನೆನಪಿನಲ್ಲಿ ನಿಲ್ಲುವುದಿಲ್ಲ. ಎಚ್ಚರವಾಗಿಯೇ ತಲೆಯಾಡಿಸಿರುತ್ತಾರೆ, ಆಮೇಲೆ ಎಲ್ಲ ಮರೆತಿರುತ್ತಾರೆ. ಅದಕ್ಕೇ ಜೊತೆಯಲ್ಲಿದ್ದವರಿಗೆ ಹೇಳಿ ಕಳಿಸುವುದು. "ಹಾಲಪ್ಪ ಎಲ್ಲಿ?" ಎಂದೆ.

"ಗದ್ದೆಗೆ ಹೋಗ್ಯಾರೆ. ಅಂಜನಾಪುರದ ಕಾಲುವೆ ನೀರು ಬಿಟ್ಟಾರಂತೆ, ಇವತ್ತು ನಮ್ಮ ಪಾಳಿ. ಫೋನ್ ಇಲ್ಲೇ ಬಿಟ್ಟು ಹೋಗ್ಯಾರೆ."

ನಾನು ಮತ್ತೆ ಬಾಯಿ ತೆರೆಯುವ ಮೊದಲೇ ಫೋನಿನ ಹಿಂದಿನಿಂದ ಇನ್ನೊಂದು ಹೆಣ್ಣುದನಿ ಕೇಳಿಸಿತು. ವಯಸ್ಸಾದ, ಸಮಾಧಾನದ, ಅಕ್ಕರೆಯ ದನಿ.

"ಸುಡ್ತತೇನೇ ಗೌರಿ?"

"ಇಲ್ಲತ್ತೆ."

"ಈಗ?"

"ಏನೂ ಗೊತ್ತಾಗ್ತಿಲ್ಲ."

"ಹಂಗಾರೆ ಕಾವು ಸಾಲ್ದು. ತಡಿ, ಇನ್ನೊಂದ್ಸಲ ಕಾಸ್ಕಂಡು ಬರ್ತೀನಿ."

ಏನು ಕಾಸುತ್ತಿದ್ದಾಳೆಂದು ತಿಳಿದುಹೋಯಿತು. ನಮ್ಮ ಕಡೆ ಶಾಖ ಕೊಡುವುದು ಎಲ್ಲ ಮನೆಯಲ್ಲೂ ಉಂಟು. ಬಾಣಂತಿಗೆ, ಉಳುಕಿಗೆ, ಲಕ್ವಕ್ಕೆ, ಎಲ್ಲಕ್ಕೂ. ಕಲ್ಲುಪ್ಪನ್ನು ಹಂಚಿನ ಮೇಲೆ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ ಒತ್ತುತ್ತಾರೆ. ಅದಕ್ಕಿರುವ ಅಳತೆ ಒಂದೇ: ಮಲಗಿದವರು "ಸುಡ್ತತಿ" ಎನ್ನುವವರೆಗೂ ಒತ್ತುವುದು, ಎಂದ ಕೂಡಲೇ ತೆಗೆಯುವುದು. ನನ್ನ ತಾಯಿಯೂ ನನಗೆ ಹಾಗೆಯೇ ಕೊಟ್ಟಿದ್ದಾಳೆ. ಆದರೆ ಗೌರಮ್ಮನ ಆ ಕೈ ಸುಡುತ್ತದೆ ಎಂದು ಯಾವತ್ತೂ ಹೇಳುವುದಿಲ್ಲ. ಚರ್ಮ ಬೆಂದು ಮಾಂಸ ಬೆಂದರೂ ಹೇಳುವುದಿಲ್ಲ. ಅವಳು ಇಲ್ಲ ಇಲ್ಲ ಎಂದಷ್ಟೂ ಅತ್ತೆ ಕಾವು ಏರಿಸುತ್ತಲೇ ಹೋಗುತ್ತಾಳೆ.

"ನಿಲ್ಸು! ಗೌರೀ, ಅದನ್ನ ನಿಲ್ಲಿಸು!" ನಾನು ಕಿರುಚಿದ್ದಕ್ಕೆ ಸರ್ಜನ್ನರ ಕೈ ನಿಂತುಹೋಯಿತು. "ನಿಮಗಲ್ಲ ಡಾಕ್ಟ್ರೇ, ನೀವು ಮಾಡಿ" ಎಂದೆ. ಫೋನಿನ ಕಡೆ ತಿರುಗಿ, "ನಿಮ್ಮತ್ತೆ ಕೈಗೆ ಫೋನ್ ಕೊಡೇ" ಎಂದೆ.

ಅತ್ತೆಯ ಹೆಸರು ಬಸಮ್ಮ. "ಯಾಕ್ರವ್ವಾ, ಶಾಖ ಕೊಟ್ರೆ ಒಳ್ಳೇದಲ್ಲೇನು? ನರಕ್ಕೆ ಜೀವ ಬರ್ತತಿ" ಎಂದಳು. ನಾನು ಬೈಯಬೇಕೆಂದಿದ್ದೆ, ನಾಲಿಗೆ ತುದಿಗೂ ಬಂದಿತ್ತು. ಆದರೆ ಬೈದರೆ ಫೋನ್ ಇಟ್ಟುಬಿಡುತ್ತಾಳೆಂದು ಭಯವಾಯಿತು. "ಬಸಮ್ಮಾರೇ, ಆ ಕೈಗೆ ನಾನೇ ಔಷಧಿ ಕೊಟ್ಟು ಸ್ಪರ್ಶ ತೆಗೆದೀನಿ. ಲಕ್ವ ಅಲ್ಲ. ಬೆಂಕಿಯೊಳಗೆ ಇಟ್ರೂ ಅವಳಿಗೆ ತಿಳಿಯಲ್ಲ. ನಿಮ್ಮ ದಮ್ಮಯ್ಯ, ಆ ಗಂಟನ್ನ ಒಲೆಗೆ ಹಾಕಿಬಿಡಿ."

ಬಸಮ್ಮ ಸಣ್ಣಗೆ, "ಬೆರಳೆಲ್ಲ ಕರ್ರಗಾಗ್ಯಾವಲ್ರಿ" ಎಂದಳು.

ಆ ಮಾತಿಗೆ ನಿಜವಾಗಿ ಹೆದರಿದೆ. ಮೂಳೆ ಮುರಿದ ಕೈಯಲ್ಲಿ, ಪ್ಲಾಸ್ಟರಿನ ಒಳಗೆ, ಬಾವು ಏರಿ ರಕ್ತ ಓಡುವುದೇ ನಿಂತುಹೋಗುವ ಅಪಾಯವೊಂದಿದೆ. ಅಪರೂಪ, ಆದರೆ ಬಂತೆಂದರೆ ಕೆಲವೇ ಗಂಟೆಗಳಲ್ಲಿ ಕೈ ಹೋಗುತ್ತದೆ. ಅದನ್ನು ಮೊದಲು ತಿಳಿಸುವುದು ತಡೆಯಲಾರದ ನೋವು. ಬ್ಲಾಕ್ ಕೊಟ್ಟ ಕೈಯಲ್ಲಿ ಆ ನೋವೇ ಇರುವುದಿಲ್ಲ. ಕಳ್ಳ ಬಂದರೆ ಬೊಗಳಬೇಕಾದ ನಾಯಿಯನ್ನು ನಾನೇ ಮಲಗಿಸಿ ಬಂದಿದ್ದೆ. ಹಾಗಾದರೆ ಆ ಮನೆಯಲ್ಲಿ ಒಂದು ಕೈ ಮಲಗಿದೆಯೋ, ಸಾಯುತ್ತಿದೆಯೋ? ನನ್ನ ಮುಂದೆ ಮಲಗಿದ್ದ ಹುಡುಗಿಯನ್ನು ಬಿಟ್ಟು ಓಡುವ ಹಾಗೂ ಇಲ್ಲ.

"ರೂಪಾ, ವಿಡಿಯೊ ಕಾಲ್ ಹಾಕು."

ಚಿತ್ರ ಬಂತು, ನಿಂತಿತು, ಚೌಕ ಚೌಕವಾಗಿ ಒಡೆಯಿತು, ಮತ್ತೆ ಬಂತು. ಬಲ್ಬಿನ ಹಳದಿ ಬೆಳಕಲ್ಲಿ ಐದು ಬೆರಳು ಕಂಡವು. ಕಂದುಗಪ್ಪು. ಆಮೇಲೆ ಹೊಳೆಯಿತು: ಆಪರೇಷನ್ನಿಗೆ ಮುಂಚೆ ಕೈಗೆಲ್ಲ ಬಳಿಯುವ ಅಯೋಡಿನ್ ಔಷಧಿಯ ಬಣ್ಣವೂ ಅದೇ. ಬಣ್ಣ ಯಾವುದು, ರೋಗ ಯಾವುದು ಎಂದು ಹೀಗೆ ನೋಡಿದರೆ ತಿಳಿಯುವಂತಿರಲಿಲ್ಲ.

"ಬಸಮ್ಮಾರೇ, ಒದ್ದೆ ಬಟ್ಟೆಯಿಂದ ಉಗುರು ಒರೆಸಿ. ಹೆಬ್ಬೆರಳಿನ ಉಗುರನ್ನ ಜೋರಾಗಿ ಒತ್ತಿ. ಬಿಳಿಚಿಕೊಳ್ತಾ?"

"ಹೂಂ."

"ಬಿಡಿ. ಬಿಟ್ಟ ಮೇಲೆ ಏನಾಯ್ತು?"

ಚಿತ್ರ ಮತ್ತೆ ನಿಂತುಹೋಯಿತು. ಸರ್ಜನ್ನರೂ ಕಿವಿಗೊಟ್ಟಿದ್ದರು. ನಾನು ದೇವರನ್ನು ಅಷ್ಟಾಗಿ ಕರೆಯುವವಳಲ್ಲ, ಆಗ ಕರೆದೆ.

"ಕೆಂಪಗಾತು ನೋಡ್ರಿ," ಬಸಮ್ಮನ ದನಿ ಬಂತು. "ಬಿಟ್ಟ ಕೂಡ್ಲೇ ಕೆಂಪಗಾತು."

ಉಗುರು ಬಿಳಿಚಿ ಮತ್ತೆ ಥಟ್ಟನೆ ಕೆಂಪಾದರೆ ರಕ್ತ ಓಡುತ್ತಿದೆ ಎಂದರ್ಥ. ಉಳಿದ ಬೆರಳುಗಳನ್ನೂ ಒತ್ತಿಸಿ ನೋಡಿದೆ. ಎಲ್ಲವೂ ಕೆಂಪಾದವು. ಆದರೂ ಧೈರ್ಯ ಪೂರ್ತಿ ಬರಲಿಲ್ಲ. ಹುಡುಗಿ ಕಣ್ಣು ತೆರೆದು, ನಳಿಕೆ ತೆಗೆಸಿಕೊಂಡು, "ಅಮ್ಮಾ" ಎಂದ ಮೇಲೆ, ಅವಳು ಪೂರ್ತಿ ಚೇತರಿಸಿಕೊಂಡಳೆಂದು ಖಾತ್ರಿ ಮಾಡಿಕೊಂಡು ಕಾರು ಹತ್ತಿದೆ. ಉಡುತಡಿ ನನ್ನ ಮನೆ ದಾರಿಯಲ್ಲೇ ಸಿಗುತ್ತದೆ. ದಾರಿಯುದ್ದಕ್ಕೂ ಕಿವಿಯಲ್ಲಿ ಅದೇ ಮಾತು: ಸುಡ್ತತೇನೇ ಗೌರಿ? ಇಲ್ಲತ್ತೆ.

ಮನೆಯ ಜಗುಲಿಯಲ್ಲಿ ಹಾಲಪ್ಪ ಮೊಣಕಾಲವರೆಗೂ ಕೆಸರು ಮೆತ್ತಿಕೊಂಡೇ ನಿಂತಿದ್ದ. ಸುದ್ದಿ ಕೇಳಿ ಗದ್ದೆಯಿಂದ ಓಡಿ ಬಂದಿದ್ದ. "ತಪ್ಪಾತ್ರಿ, ನೀರಿನ ಪಾಳಿ ತಪ್ಪಿದ್ರೆ ಮತ್ತೆ ವಾರ ಕಾಯ್ಬೇಕು, ಹಂಗಾಗಿ..." ಎಂದ. ನನ್ನ ಮುಖ ನೋಡಿ ಮಾತು ಅರ್ಧಕ್ಕೇ ಬಿಟ್ಟ.

ಗೌರಮ್ಮನ ತೋರುಬೆರಳು, ನಡುಬೆರಳಿನ ಮೇಲೆ ಎರಡು ಬೊಕ್ಕೆ ಎದ್ದಿದ್ದವು. ನೀರು ತುಂಬಿದ, ಹುಣಸೆಬೀಜದಷ್ಟು ದೊಡ್ಡ ಬೊಕ್ಕೆಗಳು. ಇನ್ನೊಂದು ಸಲ ಕಾಸಿ ಒತ್ತಿದ್ದರೆ ಏನಾಗುತ್ತಿತ್ತೆಂದು ನೆನೆಯಲೂ ಭಯವಾಯಿತು. ಪ್ಲಾಸ್ಟರಿನ ಬಿಗಿ ನೋಡಿದೆ, ಬಾವು ನೋಡಿದೆ, ಬೊಕ್ಕೆಗೆ ಮುಲಾಮು ಹಚ್ಚಿದೆ. ಗೌರಮ್ಮ ತನ್ನದೇ ಕೈಯನ್ನು ಬೇರೆ ಯಾರದ್ದೋ ಎನ್ನುವ ಹಾಗೆ ನೋಡುತ್ತಿದ್ದಳು. "ಇದು ತಿರುಗಿ ಬರ್ತತಾ ಮೇಡಂ? ಖರೇ ಹೇಳ್ರಿ."

"ಬರತ್ತೆ" ಎಂದೆ. ಗಟ್ಟಿಯಾಗಿಯೇ ಎಂದೆ. ಆದರೆ ಬೆಂದ ಗಾಯ, ಬಾವು, ಪ್ಲೇಟು ಎಲ್ಲ ಸೇರಿದ ಆ ಕೈ ಬೆಳಗಿನ ಹೊತ್ತಿಗೆ ಹೇಗೆ ಏಳುತ್ತದೋ ನನಗೂ ಗೊತ್ತಿರಲಿಲ್ಲ. ತಿರುಗಿ ಆಸ್ಪತ್ರೆಗೆ ಸೇರಿಸೋಣ ಎಂದರೆ ಅವಳು ಕಂಬ ಹಿಡಿದು ಕೂತಳು.

ಬಸಮ್ಮ ಒಲೆಯ ಮುಂದೆ ಮುಖ ತಿರುಗಿಸಿ ಕೂತಿದ್ದಳು. "ನನ್ನ ಕೆನ್ನೆಗೆ ಇಟ್ಟು ನೋಡೇ ಕೊಟ್ಟೀನವ್ವಾ" ಎಂದಳು. ಅವಳ ಕೆನ್ನೆಯೂ ಕೆಂಪಾಗಿತ್ತು. ದಾರಿಯಲ್ಲಿ ಕೂಡಿಟ್ಟುಕೊಂಡು ಬಂದ ಬೈಗುಳವೆಲ್ಲ ನನ್ನ ಬಾಯಲ್ಲೇ ಕರಗಿಹೋಯಿತು. ಪಕ್ಕದಲ್ಲಿ ಕೂತು, "ನೋಡಿ, ಇವತ್ತು ರಾತ್ರಿ ನೀವೇ ನನ್ನ ಕಣ್ಣು. ಎಚ್ಚರ ಆದಾಗೆಲ್ಲ ಉಗುರು ಒತ್ತಿ ನೋಡಿ. ಕೆಂಪಾಗದೆ ಹೋದ್ರೆ ಯಾವ ಹೊತ್ತಾದ್ರೂ ಫೋನ್ ಮಾಡಿ, ಆಗ ಅವಳನ್ನ ಎತ್ತಿಕೊಂಡಾದ್ರೂ ಬನ್ನಿ" ಎಂದೆ.

ಮನೆಗೆ ಬಂದು ಉಂಡೆನೋ ಬಿಟ್ಟೆನೋ ನೆನಪಿಲ್ಲ. ಫೋನನ್ನು ತಲೆದಿಂಬಿನ ಮೇಲೇ ಇಟ್ಟುಕೊಂಡು ಮಲಗಿದೆ. ಅದು ಸುಮ್ಮನಿದ್ದರೂ ಭಯ, ಒದರೀತೆಂದೂ ಭಯ.

ಬೆಳಕು ಹರಿಯುವ ಮುನ್ನ ಒದರಿತು. ಎತ್ತಿದರೆ ಒಂದೇ ಸಮನೆ ಅಳು.

"ನೋಯ್ತತಿ ಮೇಡಂ! ಅಯ್ಯೋ ಅವ್ವಾ, ಬೆರಳು ಉರೀತಾವೆ, ಕೈ ಸಿಡೀತತಿ, ಜೀವ ಹೋಗ್ತತಿ!"

"ಹೆಬ್ಬೆರಳು ಆಡ್ಸು ಗೌರಿ. ಆಡತ್ತಾ?"

"ಆಡ್ತತಿ... ಎಲ್ಲಾ ಬೆರಳು ಆಡ್ತಾವೆ. ಮೇಡಂ, ನೋವು ತಡಿಯಾಕ್ಕಾಗ್ತಿಲ್ಲ!"

"ಅಳು, ಚೆನ್ನಾಗಿ ಅಳು. ಉಗುರು ಒತ್ತಿ ನೋಡಿ ಹೇಳು, ಆಮೇಲೆ ಆಸ್ಪತ್ರೇಲಿ ಕೊಟ್ಟ ನೋವಿನ ಮಾತ್ರೆ ನುಂಗು" ಎಂದೆ. ಉಗುರು ಕೆಂಪಾಯಿತು ಎಂದಳು. ಮಾತ್ರೆಗೆ ನೋವು ಇಳಿಯಿತು ಎಂದು ಆಮೇಲೆ ಬಸಮ್ಮ ಫೋನ್ ಮಾಡಿದಳು. ನಾನು ಹಾಸಿಗೆಯ ಮೇಲೆ ಕೂತು ಅತ್ತುಬಿಟ್ಟೆ. ಮೂವತ್ತು ವರ್ಷ ಜನರ ನೋವು ತೆಗೆದೇ ಅನ್ನ ಉಂಡವಳು; ಒಬ್ಬಳಿಗೆ ನೋವಾಯಿತೆಂದು ಅಷ್ಟು ಸಂತೋಷಪಟ್ಟದ್ದು ಅದೇ ಮೊದಲು.

ಪ್ಲಾಸ್ಟರ್ ತೆಗೆದ ದಿನ ಗೌರಮ್ಮ ನನ್ನನ್ನು ಹುಡುಕಿಕೊಂಡು ಬಂದಿದ್ದಳು. ಎರಡು ಬೆರಳಿನ ಮೇಲೂ ಬಿಳಿ ಕಲೆ ಉಳಿದಿತ್ತು. ಆಯಾ ಕೊಟ್ಟ ಚಹಾದ ಲೋಟವನ್ನು ಬಲಗೈಯಲ್ಲಿ ಹಿಡಿದವಳು "ಸ್ಸ್" ಎಂದು ಎಡಗೈಗೆ ಬದಲಾಯಿಸಿದಳು. "ಸುಡ್ತತೇನೇ?" ಎಂದೆ. "ಸುಡ್ತತಿ ಮೇಡಂ!" ಎಂದು ಬಾಯ್ತುಂಬ ನಕ್ಕಳು. ಈಗ ಅವಳು ಮತ್ತೆ ಶಾಲೆಯಲ್ಲಿ ಸೌಟು ಹಿಡಿದಿದ್ದಾಳೆ.

ಯಂತ್ರ ಬಂತು, ಔಷಧಿ ಬಂತು, ರೋಗಿ ಬೇಗ ಮನೆಗೆ ಹೋಗುತ್ತಾರೆ. ಒಳ್ಳೆಯದೇ. ಆದರೆ ಆಸ್ಪತ್ರೆಯ ವಾರ್ಡು ಮಾಡುತ್ತಿದ್ದ ಕಾವಲು ಕೆಲಸವನ್ನು ಈಗ ಅಡುಗೆಮನೆ ಮಾಡಬೇಕಾಗಿದೆ. ಅಲ್ಲಿ ಯಾರಿದ್ದಾರೆಂದು ನಾವು ತಿಳಿದುಕೊಂಡಿರಬೇಕು. ಬ್ಲಾಕ್ ಕೊಡುವ ಮೊದಲು ಉಪವಾಸವಿದ್ದೀರಾ, ಸಕ್ಕರೆ ಕಾಯಿಲೆ ಇದೆಯಾ ಎಂದು ಕೇಳುವಾಗ ಈಗ ಇನ್ನೊಂದು ಪ್ರಶ್ನೆಯನ್ನೂ ಕೇಳುತ್ತೇನೆ: "ನಿಮ್ಮ ಮನೇಲಿ ಶಾಖ ಕೊಡೋರು ಯಾರು? ಅವ್ರಿಗೆ ಫೋನ್ ಹಚ್ಚಿ ನನಗೆ ಕೊಡಿ." ಹೊಸ ನರ್ಸುಗಳು ಮುಸಿಮುಸಿ ನಗುತ್ತಾರೆ, ನಗಲಿ. ರೋಗಿ ಗೇಟು ದಾಟಿದ ಮಾತ್ರಕ್ಕೆ ಕೇಸು ಮುಗಿಯಿತೆಂದು ನಾನೀಗ ಮಲಗುವುದಿಲ್ಲ. ಮನೆಯಿಂದ ಫೋನ್ ಬಂದು, "ನೋಯ್ತಿದೆ ಮೇಡಂ" ಎಂದ ಮೇಲೆಯೇ ಮಲಗುತ್ತೇನೆ.